ಒಂದು ಉಂಡಿಯ ಲೆಕ್ಕ: ಮಳಖೇಡದಿಂದ ಪ್ಯಾರಿಸ್‌ವರೆಗೆ

ಇವತ್ತಿನ ಕಂತಿನ ಪ್ರಶ್ನೆ ಸಣ್ಣದು: ಒಂದು ಬೇಸನ್ ಉಂಡಿಯೊಳಗ ಎಷ್ಟು ಮಾಲು ಹಿಡೀತೈತಿ? ದಾರ ಸುತ್ತಿ ಸುತ್ತಳತೆ ತಗೋಬಹುದು, ಪಟ್ಟಿ ಇಟ್ಟು ವ್ಯಾಸ ನೋಡಬಹುದು. ಆದ್ರ ಒಳಗಿನ ಜಾಗ, ಅಂದ್ರ ಘನಫಲ? ಅದಕ್ಕ ಸೂತ್ರ ಬೇಕು. ಆ ಸೂತ್ರದ ಕಥಿಯಲ್ಲಿ ನಮ್ಮ ಕಡೆಯವರ ಪಾಲು ದೊಡ್ಡದೈತಿ.

ಮೊದಲು ಒಂಬತ್ತನೇ ಶತಮಾನಕ್ಕ ಹೋಗೋಣ. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ಆಗ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ದೊರೆ ಅಮೋಘವರ್ಷ ನೃಪತುಂಗ. ಅವನನ್ನು ಹೊಗಳಿಯೇ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ' ಶುರು ಮಾಡ್ತಾನೆ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಬರೆದವನು ಇವನೇ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು.

ಗೋಲಕ್ಕ ಮಹಾವೀರ ಎರಡು ಲೆಕ್ಕ ಕೊಡ್ತಾನೆ. ಒಂದು ವ್ಯವಹಾರಕ್ಕ: ತ್ರಿಜ್ಯದ ಘನವನ್ನು ನಾಲ್ಕೂವರೆಯಿಂದ ಗುಣಿಸಿ. ಇನ್ನೊಂದು 'ಸೂಕ್ಷ್ಮ': ಬಂದ ಉತ್ತರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹಿಡೀರಿ, ಅಂದ್ರ 4.05. ನಿಜವಾದ ಸಂಖ್ಯೆ ಸುಮಾರು 4.19. ಅಂದ್ರ 100 ಕೆಜಿ ಮಾಲಿರೋ ಕಡೆ ಮೊದಲನೇ ಲೆಕ್ಕ 107 ಕೆಜಿ ಅಂತೈತಿ, ಎರಡನೇದು 97. ಕಾಮರ್ಸ್ ಓದಿದವರಿಗೆ ಇದು ಚಲೋ ಗೊತ್ತಾಗ್ತದ: ನೂರಕ್ಕ ಏಳು ಕೆಜಿ ಅಂದ್ರ ಅಂಗಡಿಯವನ ಲಾಭಾನೇ ಹೋಯ್ತು!

ಸುಮಾರು ಮುನ್ನೂರು ವರ್ಷದ ನಂತರ ಭಾಸ್ಕರಾಚಾರ್ಯ ಬರ್ತಾನೆ. ಹುಟ್ಟಿದ್ದು 1114ರಲ್ಲಿ, ಊರು ಬಿಜ್ಜಡಬೀಡ. ಅದು ನಮ್ಮ ವಿಜಯಪುರ ಅನ್ನೋರೂ ಇದ್ದಾರ, ಮಹಾರಾಷ್ಟ್ರದ ಪಾಟಣ ಅನ್ನೋರೂ ಇದ್ದಾರ. ನಮ್ಮ ಉಣಕಲ್‌ನ ಚಂದ್ರಮೌಳೇಶ್ವರ ಗುಡಿಯಂಥಾ ಚಾಲುಕ್ಯ ಗುಡಿಗಳ ಕಾಲ ಅದು. 1150ರ ಸುಮಾರಿಗೆ ಬರೆದ 'ಲೀಲಾವತಿ'ಯಲ್ಲಿ ಅವನ ಸೂತ್ರ: ಗೋಲದ ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ, ಆರರಿಂದ ಭಾಗಿಸಿ. ಇದು ಪೂರ್ತಿ ಸರಿ.

ನನಗ ಸೂತ್ರಕ್ಕಿಂತ ಅವನು ಕೊಟ್ಟ ಕಾರಣ ಮುಖ್ಯ ಅನಸ್ತದ. ಗೋಲದ ಮೇಲ್ಮೈಯನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡ್ರಿ. ಪ್ರತಿ ಚೌಕದಿಂದ ಗೋಲದ ನಡುವಿನ ಬಿಂದುವಿಗೆ ಒಂದೊಂದು ಚೂಪಾದ ಸೂಜಿ ಇಳಿದದ ಅಂದ್ಕೋರಿ. ಪ್ರತಿ ಸೂಜಿಯ ಎತ್ತರ ತ್ರಿಜ್ಯದಷ್ಟು. ಸೂಜಿಯ ಘನಫಲ ಅಂದ್ರ ತಳ ಗುಣಿಸು ಎತ್ತರ, ಅದರ ಮೂರನೇ ಒಂದು ಪಾಲು. ಎಲ್ಲಾ ಕೂಡಿಸಿದ್ರ ಮೇಲ್ಮೈ ಗುಣಿಸು ತ್ರಿಜ್ಯ, ಭಾಗಿಸು ಮೂರು. ತ್ರಿಜ್ಯ ವ್ಯಾಸದ ಅರ್ಧ, ಹಂಗಾಗಿ ಆರು. ಅಷ್ಟೇ!

ಇಲ್ಲೊಂದು ಮಾತು. 'ಎಲ್ಲಾ ನಮ್ಮವರಿಗೆ ಮೊದಲೇ ಗೊತ್ತಿತ್ತು' ಅನ್ನೋ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರ್ತಾವ. ಗೋಲದ ಘನಫಲವನ್ನ ಗ್ರೀಸಿನ ಆರ್ಕಿಮಿಡೀಸ್ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಸಾಧಿಸಿದ್ದ. ಮಹಾವೀರನ 'ಸೂಕ್ಷ್ಮ' ಸೂಕ್ಷ್ಮ ಇರಲಿಲ್ಲ. ಇದನ್ನ ಒಪ್ಪಿಕೊಂಡ್ರ ಅವರ ಮರ್ಯಾದಿ ಕಡಿಮೆ ಆಗೂದಿಲ್ಲ. ಒಪ್ಪದಿದ್ರ ಭಾಸ್ಕರ ಎಷ್ಟು ಮುಂದ ಹೋದ ಅನ್ನೋದೇ ನಮಗ ಕಾಣೂದಿಲ್ಲ.

ಸರಿ, ಗೋಲ ದುಂಡಗಿರ್ತದ. ಉಣಕಲ್ ಕೆರೆ? ಅದರ ದಂಡಿ ಸೊಟ್ಟಪಟ್ಟ. ಅದಕ್ಕ ಯಾವ ಸೂತ್ರ? ನಕ್ಷೆಯ ಮೇಲೆ ಚೌಕಗಳ ಹಾಳೆ ಇಡ್ರಿ. ಪೂರ್ತಿ ಒಳಗಿರೋ ಚೌಕ ಎಣಿಸ್ರಿ, ದಂಡಿ ಮುಟ್ಟಿದ ಚೌಕ ಬೇರೆ ಎಣಿಸ್ರಿ. ಉತ್ತರ ಒಳಗಿನ ಎಣಿಕೆ ಮತ್ತು ಎರಡನ್ನೂ ಕೂಡಿಸಿದ ಎಣಿಕೆ, ಇವುಗಳ ನಡುವ ಇರ್ತದ. ಚೌಕ ಸಣ್ಣದಾದಂಗ ಅಂತರ ಕಡಿಮೆ ಆಗ್ತದ.

ಆದ್ರ ಇದು ಎಲ್ಲಾದಕ್ಕೂ ನಡಿಯೂದಿಲ್ಲ. ಒಂದು ಅಡಿ ಪಟ್ಟಿಯ ಮೇಲೆ ಭಿನ್ನರಾಶಿಯಲ್ಲಿ ಬರೆಯಬಹುದಾದ ಬಿಂದುಗಳನ್ನಷ್ಟೇ ಹಿಡೀರಿ. ಅವು ಎಲ್ಲಾ ಕಡೆ ಇದ್ದಾವ, ನಡುನಡುವೆ ಬೇರೆ ಬಿಂದುಗಳೂ ಇದ್ದಾವ. ಒಳಗಿನ ಎಣಿಕೆ ಸೊನ್ನೆ, ಹೊರಗಿನದು ಪೂರಾ ಒಂದಡಿ!

1902ರಲ್ಲಿ ಫ್ರಾನ್ಸಿನ ಆಂರಿ ಲೆಬೆಗ್ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ದಾರಿ ತೋರಿಸಿದ: ಮುಚ್ಚಲಿಕ್ಕೆ ಮುಗಿಯದಷ್ಟು ತುಂಡು ಬಳಸ್ರಿ. ಮೊದಲ ಬಿಂದುವಿಗೆ 1 ಮಿಲಿಮೀಟರ್, ಎರಡನೇದಕ್ಕ ಅರ್ಧ, ಮೂರನೇದಕ್ಕ ಕಾಲು. ಎಷ್ಟೇ ಕೂಡಿಸಿದ್ರೂ 2 ಮಿಲಿಮೀಟರ್ ದಾಟೂದಿಲ್ಲ. ಶುರುವಿನ ತುಂಡು ಇನ್ನೂ ಸಣ್ಣದು ತಗೊಂಡ್ರ ಮೊತ್ತವೂ ಇನ್ನೂ ಸಣ್ಣದು. ಹಂಗಾಗಿ ಆ ಬಿಂದುಗಳ ಅಳತೆ ಸೊನ್ನೆ. ಇದೇ ಲೆಬೆಗ್ ಅಳತೆ.

ಒಂದು ಪೆಟ್ಟಿಗಿಯೊಳಗ ಹಿಡಿಯೋ ಯಾವ ಆಕಾರದ ಅಳತೆಯೂ ಆ ಪೆಟ್ಟಿಗಿಗಿಂತ ಹೆಚ್ಚಾಗೂದಿಲ್ಲ. ಎಲ್ಲಾದಕ್ಕೂ ಅಳತೆ ಸಿಗ್ತದೇನು? ಇಲ್ಲ. 1905ರಲ್ಲಿ ಇಟಲಿಯ ವಿಟಾಲಿ ಅಳತೆಗೇ ಸಿಗದ ಗುಂಪೊಂದನ್ನ ತೋರಿಸಿದ. 1924ರಲ್ಲಿ ಬಾನಾಖ್ ಮತ್ತು ಟಾರ್ಸ್ಕಿ ಕಾಗದದ ಮೇಲೆ ಒಂದು ಗೋಲವನ್ನ ಅಂಥಾ ತುಂಡು ಮಾಡಿ, ತಿರುಗಿಸಿ ಜೋಡಿಸಿ, ಅಷ್ಟೇ ದೊಡ್ಡ ಎರಡು ಗೋಲ ಮಾಡಿದರು. ಉಂಡಿಗೆ ಇದು ನಡಿಯೂದಿಲ್ಲ ಬಿಡ್ರಿ!

ಕೊನೇದಾಗಿ: ತ್ರಿಜ್ಯ 1 ಇಟ್ಟುಕೊಂಡು ಆಯಾಮ ಹೆಚ್ಚಿಸ್ತಾ ಹೋದ್ರ ಗೋಲದ ಅಳತೆ ಮೂರರಲ್ಲಿ 4.19, ನಾಲ್ಕರಲ್ಲಿ 4.93, ಐದರಲ್ಲಿ 5.26. ಆಮೇಲೆ ಇಳಿತದ. ಇಪ್ಪತ್ತನೇ ಆಯಾಮದಲ್ಲಿ 0.026 ಅಷ್ಟೇ.

ಈ ವಾರ ಒಂದು ಕೆಲಸ ಮಾಡ್ರಿ. ಫೋನಿನ ಮ್ಯಾಪ್‌ನಲ್ಲಿ ನಿಮ್ಮೂರಿನ ಕೆರೆ ತೆಗೆದು, ಗ್ರಾಫ್ ಹಾಳೆ ಮೇಲೆ ಇಳಿಸಿ, ಚೌಕ ಎಣಿಸ್ರಿ. ಎರಡೂ ಸಂಖ್ಯೆ ಬರೆದಿಟ್ಕೋರಿ, ಒಳಗಿನದು ಮತ್ತು ಹೊರಗಿನದು. ಮುಂದಿನ ಕಂತಿನಲ್ಲಿ ಸಿಗೋಣ, ಬರ್ತೀನ್ರಿ.