ಬಿಕಿಲಾನ ಕತೆಯ ಉಳಿದ ಅರ್ಧ

“ಕಾಕಾ, ಈ ಹೆಣ್ಮಗಳು ಆಪರೇಷನ್ ಆದ ಹದಿನೇಳನೇ ದಿನಕ್ಕ ಮ್ಯಾರಥಾನ್ ಗೆದ್ದಾಳಂತ ನೋಡ್ರಿ. ಅದೂ ಮೊಣಕಾಲಿಂದೇ ಆಪರೇಷನ್. ನನಗ್ಯಾಕ ಆರು ತಿಂಗಳು ಕೂಡು ಅಂತಾರ ಡಾಕ್ಟರು?”

ತಮ್ಮನ ಮಗ ಮೊಬೈಲನ್ನ ನನ್ನ ಮುಖದ ಮುಂದ ಹಿಡಿದು ಕೇಳಿದ. ಗುಂಡಗುರ್ತಿಯ ನಮ್ಮ ಮನೆ ಪಡಸಾಲೆಯಲ್ಲಿ ಅವನ ಎಡಗಾಲು ದಿಂಬಿನ ಮ್ಯಾಲಿತ್ತು, ಊರುಗೋಲು ಗೋಡೆಗೆ ಒರಗಿತ್ತು. ಪೂರಾ ಮ್ಯಾರಥಾನನ್ನ 2 ಗಂಟೆ 34 ನಿಮಿಷಕ್ಕೆ ಓಡಿದ ಹುಡುಗ ಇವನು. ವಯಸ್ಸು 25. ನಾಲ್ಕು ತಿಂಗಳಿಗೆ ಕ್ರೀಡಾ ಕೋಟಾದ ಒಂದು ನೌಕರಿಯ ಆಯ್ಕೆ ಓಟ ಇತ್ತು. ಅದು ತಪ್ಪಿದರೆ ಮುಂದಿನ ಸಲಕ್ಕೆ ಅವನ ವಯಸ್ಸು ಮೀರುತ್ತದೆ.

ನಾನು ಇತಿಹಾಸದ ಮಾಸ್ತರನಾಗಿ ನಿವೃತ್ತನಾದವನು. ಡಾಕ್ಟರ್ ಅಲ್ಲ. ಆದರೆ ಅವನ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕಿತ್ತು, ಯಾಕಂದ್ರೆ ತಪ್ಪು ನನ್ನದಿತ್ತು.

ಹುಡುಗ ಸಾಲಿಗೆ ಹೋಗುವಾಗ ಅವನಿಗೆ ನಾನು ಎರಡು ಕತೆ ಹೇಳ್ತಿದ್ದೆ. ಒಂದು, ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯದು. ದೊರಾಬ್ಜಿ ಟಾಟಾ ಮುಂದೆ ನಿಂತು ಕಳಿಸಿದ ತಂಡದ ಜೊತೆ ಹಡಗು ಹತ್ತಿ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಹೋಗಿ, ಅಲ್ಲಿ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷಕ್ಕೆ ಮುಗಿಸಿ 19ನೆಯವನಾದವನು. ಇನ್ನೊಂದು, ಇಥಿಯೋಪಿಯಾದ ಅಬೆಬೆ ಬಿಕಿಲಾನದು. 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಗೆದ್ದ. 1964ರಲ್ಲಿ ಟೋಕಿಯೋದ ಓಟಕ್ಕೆ ಐದಾರು ವಾರ ಮೊದಲು ಅಪೆಂಡಿಕ್ಸ್ ಆಪರೇಷನ್ ಆಯ್ತು. ಆದರೂ 2 ಗಂಟೆ 12 ನಿಮಿಷ 11 ಸೆಕೆಂಡಿಗೆ ಓಡಿ ಮತ್ತೆ ಬಂಗಾರ ತಂದ. ಗೆದ್ದ ಮ್ಯಾಲೆ ಮೈದಾನದಲ್ಲೇ ವ್ಯಾಯಾಮ ಮಾಡಿದ ಅಂತ ನಾನು ಕೈಕಾಲು ಆಡಿಸಿ ತೋರಿಸ್ತಿದ್ದೆ. “ಹೊಟ್ಟಿ ಕೊಯ್ದರೂ ನಿಲ್ಲಲಿಲ್ಲ ನೋಡು” ಅನ್ನೋದು ಕತೆಯ ಕೊನೇ ಮಾತು.

ಕಳೆದ ಬೇಸಿಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಕಾಲು ಸಿಕ್ಕು ಇವನ ಮೊಣಕಾಲು ತಿರುಚಿತು. ಬಾವು ಇಳಿಯುವ ಮೊದಲೇ ಎದ್ದು ಮೂರು ವಾರ ಓಡಿದ. ಅವ್ವ ಬೈದರೆ “ಬಿಕಿಲಾ ನಿಂತಿದ್ನೇನು?” ಅಂತ ಕೇಳಿದ್ನಂತೆ. ಮುಂದ ಕಾಲು ಮಡಚಿದರೆ ಬಿಚ್ಚದಂಗ ಆಯ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ನೋಡಿದರೆ ಮೊಣಕಾಲಿನೊಳಗಿನ ಗಾದಿ, ಡಾಕ್ಟರು ಮಿನಿಸ್ಕಸ್ ಅಂತಾರಲ್ಲ ಅದು, ಹರಿದಿತ್ತು. ಹೊಲಿಗೆ ಹಾಕಿದರು.

ಈ ಗಾದಿಯ ಇತಿಹಾಸ ಓದಲಿಕ್ಕೆ ಕುಂತೆ. ಎರಡು ಎಲುಬಿನ ನಡುವೆ ಅರ್ಧಚಂದ್ರದ ಆಕಾರದಲ್ಲಿ, ಒಂದೊಂದು ಮೊಣಕಾಲಿಗೆ ಎರಡೆರಡು ಇರ್ತಾವೆ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬೀಳ್ತದೆ. 42.195 ಕಿಲೋಮೀಟರಿಗೆ ಸುಮಾರು 40,000 ಹೆಜ್ಜೆ. ಆ ಭಾರವನ್ನ ಹರಡಿ ಹೊರೋದು ಈ ಗಾದಿ.

ಹರಿದ ಗಾದಿಗೆ ಮೊದಲ ಸಲ ಹೊಲಿಗೆ ಹಾಕಿದವನು ಎಡಿನ್‌ಬರೋದ ಥಾಮಸ್ ಅನ್ನಂಡೇಲ್, 1883ರಲ್ಲಿ. ಆದರೆ ಆ ದಾರಿ ಹಿಡಿದವರು ಕಡಿಮೆ. ಮುಂದ ಎಷ್ಟೋ ದಶಕ ಹರಿದ ಗಾದಿಯನ್ನ ಪೂರಾ ತೆಗೆದು ಹಾಕೋದೇ ರೂಢಿಯಾಯ್ತು. ಅದರಿಂದ ಏನೂ ಉಪಯೋಗ ಇಲ್ಲ ಅಂತ ತಿಳಿದಿದ್ದರು. 1948ರಲ್ಲಿ ಫೇರ್‌ಬ್ಯಾಂಕ್ ಅನ್ನೋ ಬ್ರಿಟಿಷ್ ಡಾಕ್ಟರು ಗಾದಿ ತೆಗೆಸಿಕೊಂಡವರ ಎಕ್ಸ್-ರೇ ನೋಡಿ, ಆ ಮೊಣಕಾಲು ಬೇಗ ಸವೆಯುವ ಗುರುತು ತೋರಿಸಿದರು. ಆಟಗಾರ ಮತ್ತೆ ಮೈದಾನಕ್ಕೆ ಇಳಿದಿರ್ತಿದ್ದ, ಸರಿ. ಬಿಲ್ಲು ವರ್ಷಗಳ ಮ್ಯಾಲೆ ಬರ್ತಿತ್ತು.

ದೊಡ್ಡ ಗಾಯ ಮಾಡದೆ ಕೀಲಿನೊಳಗೆ ಸಣ್ಣ ಕೊಳವೆ ಇಳಿಸಿ ನೋಡುವ ವಿದ್ಯೆ ಜಪಾನಿನಲ್ಲಿ ಬೆಳೀತು. 1918ರಲ್ಲಿ ಕೆಂಜಿ ತಕಾಗಿ ಅಂಥ ಕೊಳವೆಯಿಂದ ಹೆಣವೊಂದರ ಮೊಣಕಾಲಿನೊಳಗೆ ಇಣುಕಿದರು. ಚೌಗುಲೆ ಆಂಟ್ವರ್ಪ್‌ನಲ್ಲಿ ಓಡಿದ್ದು ಅದಾದ ಎರಡು ವರ್ಷಕ್ಕೆ. ಆಗ ಅವನ ಮೊಣಕಾಲು ಹಿಂಗ ಕೆಟ್ಟಿದ್ದರೆ ಈ ವಿದ್ಯೆ ಅವನ ಪಾಲಿಗೆ ಇರ್ತಿರಲಿಲ್ಲ. ತಕಾಗಿ ಅವರ ಶಿಷ್ಯ ಮಸಾಕಿ ವತಾನಬೆ 1962ರಲ್ಲಿ ಇದೇ ದಾರಿಯಿಂದ ಹರಿದ ಚೂರನ್ನಷ್ಟೇ ಕತ್ತರಿಸಿ ತೆಗೆದರು. ಹೊಲಿಗೆಯೂ ಹಿಂದೆಯೇ ಮರಳಿ ಬಂತು.

ಈಗ ಹುಡುಗನ ಪ್ರಶ್ನೆಗೆ ಬರ್ತೀನಿ. ಮೊಬೈಲಿನಲ್ಲಿದ್ದ ಹೆಣ್ಮಗಳು ಅಮೆರಿಕದ ಜೋನ್ ಬೆನಾಯ್ಟ್. 1984ರ ಏಪ್ರಿಲ್ 25ಕ್ಕೆ ಮೊಣಕಾಲಿನ ಆಪರೇಷನ್. ಮೇ 12ಕ್ಕೆ ಒಲಿಂಪಿಕ್ಸ್ ಆಯ್ಕೆಯ ಮ್ಯಾರಥಾನ್ ಗೆದ್ದಳು. ಆಗಸ್ಟ್ 5ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಹೆಂಗಸರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನನ್ನೂ 2 ಗಂಟೆ 24 ನಿಮಿಷ 52 ಸೆಕೆಂಡಿಗೆ ಗೆದ್ದಳು. ಎಲ್ಲಾ ಖರೇನೇ. ಆದರೆ ಅವಳ ಮೊಣಕಾಲಿನಲ್ಲಿ ಹೊಲಿಗೆ ಇರಲಿಲ್ಲ. ಕೀಲಿಗೆ ಅಡ್ಡ ಬರ್ತಿದ್ದ ಒಂದು ಪೊರೆಯನ್ನ ಕತ್ತರಿಸಿ ತೆಗೆದಿದ್ದರು, ಅಷ್ಟೇ. ಅಡ್ಡ ಇದ್ದದ್ದು ಹೋಯ್ತು, ಕೂಡಬೇಕಾದದ್ದು ಏನೂ ಇರಲಿಲ್ಲ.

ಅದೇ ಬೆನಾಯ್ಟ್‌ಗೆ 1981ರ ಡಿಸೆಂಬರಿನಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿನ ಆಪರೇಷನ್ನೂ ಆಗಿತ್ತು. ಆಗ ಹದಿನೇಳು ದಿನದ ಮಾತೇ ಇಲ್ಲ. ಅವಳು ಮ್ಯಾರಥಾನಿನಲ್ಲಿ ಅಮೆರಿಕದ ದಾಖಲೆ ಮಾಡಿದ್ದು 1982ರ ಸೆಪ್ಟೆಂಬರಿನಲ್ಲಿ, ಒಂಬತ್ತು ತಿಂಗಳಿಗೆ. 1983ರಲ್ಲಿ ಬಾಸ್ಟನ್‌ನಲ್ಲಿ 2 ಗಂಟೆ 22 ನಿಮಿಷ 43 ಸೆಕೆಂಡಿನ ಜಾಗತಿಕ ದಾಖಲೆ. ಒಬ್ಬಳೇ ಓಟಗಾರ್ತಿ, ಒಂದೇ ಛಲ, ಆದರೆ ಎರಡು ಆಪರೇಷನ್ನಿಗೆ ಎರಡು ಲೆಕ್ಕ. ಲೆಕ್ಕ ಹಾಕಿದ್ದು ಛಲ ಅಲ್ಲ, ಕೊಯ್ದ ಜಾಗ.

ಬಿಕಿಲಾನ ಅಪೆಂಡಿಕ್ಸೂ ಹಂಗೇ. ಅದು ಹೊಟ್ಟೆಯ ಗಾಯ, ಕಾಲು ಗಟ್ಟಿ ಇದ್ದವು. ಮೊಣಕಾಲಿನ ಗಾದಿಗೆ ಅಂಚಿನಲ್ಲಷ್ಟೇ ರಕ್ತ ಓಡ್ತದೆ. ಹೊಲಿಗೆ ಕೂಡಬೇಕಾದರೆ ಆ ರಕ್ತ ನಿಧಾನಕ್ಕೆ ಕೆಲಸ ಮಾಡಬೇಕು. ಅಲ್ಲಿಯ ತನಕ ಕುಕ್ಕರಗಾಲಿನಲ್ಲಿ ಕೂಡಬಾರದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂಡಬಾರದು, ತೊಗರಿ ಹೊಲದಲ್ಲಿ ಕಳೆ ತೆಗೀಬಾರದು. ನಮ್ಮಂಥ ಊರಲ್ಲಿ ಇಷ್ಟು ಪಾಲಿಸೋದೇ ಒಂದು ಮ್ಯಾರಥಾನು.

ಇದನ್ನೆಲ್ಲಾ ಹುಡುಗನ ಮುಂದೆ ಹೇಳಿ, ಕೊನೆಗೆ ನಾನು ಮುಚ್ಚಿಟ್ಟಿದ್ದ ಅರ್ಧ ಕತೆಯನ್ನೂ ಹೇಳಿದೆ.

1968, ಮೆಕ್ಸಿಕೋ. ಬಿಕಿಲಾ ಮೂರನೇ ಬಂಗಾರಕ್ಕೆ ಓಡಲಿಕ್ಕೆ ನಿಂತಾಗ ಅವನ ಎಡಗಾಲಿನ ಎಲುಬಿಗೆ ಪೆಟ್ಟಾಗಿತ್ತು. ಅದೇ ಕಾಲಿನಲ್ಲಿ ಓಡಿದ. ಸುಮಾರು 17 ಕಿಲೋಮೀಟರಿಗೆ ಬಿಟ್ಟು ಹೊರಗೆ ಬಂದ. ಅವನ ಜೊತೆಗಾರ ಮಾಮೊ ವೋಲ್ಡೆ ಗೆದ್ದ. ಮರುವರ್ಷ ಕಾರಿನ ಅಪಘಾತದಲ್ಲಿ ಬಿಕಿಲಾನ ಕಾಲುಗಳೇ ಹೋದವು. ಆ ಅಪಘಾತಕ್ಕೂ ಮೆಕ್ಸಿಕೋದ ನೋವಿಗೂ ಸಂಬಂಧ ಇಲ್ಲ. ಆದರೆ ಮೆಕ್ಸಿಕೋದ ಕತೆ ನಾನು ಸಾಲಿ ಹುಡುಗರಿಗೆ ಯಾವತ್ತೂ ಹೇಳಿದ್ದಿಲ್ಲ. ಸೋತ ಕತೆ ಯಾಕೆ ಅಂತ ಬಿಟ್ಟಿದ್ದೆ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರ ನಾ ಮೊದಲಿನಂಗ ಓಡ್ತೀನೋ ಇಲ್ಲೋ ಕಾಕಾ?” ಅಂದ.

ಸುಳ್ಳು ಹೇಳೋ ಮನಸ್ಸಾಗಲಿಲ್ಲ. ಇಂಗ್ಲೆಂಡಿನ ಪೌಲಾ ರ್‍ಯಾಡ್‌ಕ್ಲಿಫ್ ಬಗ್ಗೆ ಹೇಳಿದೆ. 2003ರಲ್ಲಿ ಲಂಡನ್ ಮ್ಯಾರಥಾನನ್ನ 2 ಗಂಟೆ 15 ನಿಮಿಷ 25 ಸೆಕೆಂಡಿಗೆ ಓಡಿ ವಿಶ್ವದಾಖಲೆ ಮಾಡಿದವಳು. 2012ರಲ್ಲಿ ಪಾದದ ಆಪರೇಷನ್. 2015ರಲ್ಲಿ ಅದೇ ಲಂಡನ್ನಿಗೆ ಮರಳಿ 2 ಗಂಟೆ 36 ನಿಮಿಷ 55 ಸೆಕೆಂಡಿಗೆ ಮುಗಿಸಿದಳು. ವಯಸ್ಸು 41 ಆಗಿತ್ತು. ಮರಳಿ ಬಂದಳು, ಆದರೆ ಬೇರೆ ಓಟಗಾರ್ತಿಯಾಗಿ. ನಿನಗೆ ಯಾವುದು ಆಗ್ತದೋ ಹೊಲಿಗೆ ಕೂಡಿದ ಮ್ಯಾಲೆ ಗೊತ್ತಾಗ್ತದ ಅಂದೆ. ಬೆನಾಯ್ಟ್ ಗೆದ್ದ ಅದೇ ಲಾಸ್ ಏಂಜಲೀಸ್‌ನಲ್ಲಿ ಗಂಡಸರ ಮ್ಯಾರಥಾನ್ ಗೆದ್ದ ಪೋರ್ಚುಗಲ್‌ನ ಕಾರ್ಲೋಸ್ ಲೋಪೆಸ್‌ಗೆ 37 ವರ್ಷ ಅನ್ನೋದನ್ನೂ ಹೇಳಿದೆ. ಮ್ಯಾರಥಾನಿಗೆ 25 ಏನೂ ದಾಟಿಹೋದ ವಯಸ್ಸಲ್ಲ.

“ಮ್ಯಾರಥಾನಿಗೆ ಅಲ್ರಿ, ಅರ್ಜಿಗೆ ದಾಟ್ತದ” ಅಂದ.

ಅದಕ್ಕೆ ನನ್ನ ಕಡೆ ಉತ್ತರ ಇರಲಿಲ್ಲ. ಕಾಲಿನ ಗಡುವು ಬೇರೆ, ಅರ್ಜಿಯ ಗಡುವು ಬೇರೆ. ಎರಡೂ ಹೊಂದದಿದ್ದಾಗ ನಮ್ಮ ಕಡೆಯ ಬಡ ಓಟಗಾರರು ಕಾಲನ್ನೇ ಪಣಕ್ಕೆ ಇಡ್ತಾರೆ, ಯಾಕಂದ್ರೆ ಅರ್ಜಿ ಕಾಯೋದಿಲ್ಲ. ನೌಕರಿ ಕೈತಪ್ಪಬಹುದು ಅಂತ ನಾನು ಒಪ್ಪಿಕೊಂಡೆ. ಹೊಲಿಗೆ ಬಿಚ್ಚಿದರೆ ಮಾತ್ರ ನೌಕರಿಯೂ ಇಲ್ಲ, ಓಟವೂ ಇಲ್ಲ.

ಆಯ್ಕೆ ಓಟದ ದಿನ ಅವನು ಹೋಗಲಿಲ್ಲ. ಆವತ್ತು ಮುಂಜಾನೆ ಅಂಗಳದ ಶಹಾಬಾದ್ ಫರ್ಶಿಯ ಮ್ಯಾಲೆ ಕುಂತು, ಕಾಲು ನೀಟಾಗಿ ಚಾಚಿ, ತೊಡೆ ಬಿಗಿ ಹಿಡಿದು ಹತ್ತು ಎಣಿಸಿ ಬಿಡ್ತಿದ್ದ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ. ಎಡತೊಡೆ ಇನ್ನೂ ಬಲತೊಡೆಗಿಂತ ಸಣ್ಣದೇ ಇತ್ತು. ನಾನು ಬಾಗಿಲಲ್ಲಿ ನಿಂತಿದ್ದು ನೋಡಿ, ಎಣಿಕೆ ನಿಲ್ಲಿಸದೆ, ಚಹಾ ಇಡ್ರಿ ಅಂತ ಕೈಸನ್ನೆ ಮಾಡಿದ.