ಹಾವೇರಿ ಸೀಮೆಯ ಕರಿಕಂಬಳಿ

ವರದೆ ಮತ್ತು ತುಂಗಭದ್ರೆಯ ನಡುವೆ ಹರಡಿಕೊಂಡಿರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಉಣ್ಣೆಯ ಕಸುಬೆಂದರೆ ಕಂಬಳಿ ನೇಯ್ಗೆ. ಕುರುಬ ಸಮುದಾಯ ತಲೆಮಾರುಗಳಿಂದ ಇದನ್ನು ನಡೆಸಿಕೊಂಡು ಬಂದಿದೆ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಈ ಕಸುಬಿಗೆ ಹೆಸರಾದ ಊರು.

ಕಂಬಳಿಯ ಸ್ವರೂಪವನ್ನು ನಿರ್ಧರಿಸಿದ್ದು ಇಲ್ಲಿನ ಕುರಿ. ದಖ್ಖನಿ ತಳಿಯ ಕರಿ ಉಣ್ಣೆ ಒರಟು, ಅದರ ಎಳೆ ಗಿಡ್ಡ. ಕಡ್ಡಿಗಳಿಂದ ಸ್ವೆಟರ್, ಟೊಪ್ಪಿಗೆ ಹೆಣೆಯಲು ಮೃದುವಾದ, ಹಿಗ್ಗುವ ನೂಲು ಬೇಕು. ಒರಟು ನೂಲಿಗೆ ಹೊಂದುವುದು ಮಗ್ಗ. ಒಂದು ಕುರಿಯಿಂದ ವರ್ಷಕ್ಕೆ ಸಿಗುವ ಉಣ್ಣೆ ಒಂದು ಕಿಲೋ ಕೂಡ ತೂಗದು. ಹೀಗಾಗಿ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಕೂಡಬೇಕು.

ಕುರಿಗಳ ಮೈತೊಳೆದು, ಕತ್ತರಿಯಿಂದ ಉಣ್ಣೆ ಕತ್ತರಿಸುತ್ತಾರೆ. ಕಸ ತೆಗೆದು ಹಿಂಜಿದ ಉಣ್ಣೆಯನ್ನು ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸಿನ ಎಳೆಗಳಿಗೆ ಹುಣಸೆಬೀಜ ಅರೆದು ಕುದಿಸಿದ ಸರಿ ಬಳಿದು ಒಣಗಿಸುತ್ತಾರೆ. ಸರಿ ಎಳೆಯ ನವಿರನ್ನು ಅಂಟಿಸಿ ಗಟ್ಟಿ ಮಾಡುತ್ತದೆ; ಅದಿಲ್ಲದಿದ್ದರೆ ಲಾಳಿ ಓಡುವಾಗ ಹಾಸು ಹರಿಯುತ್ತದೆ. ನೇಕಾರ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಹೊಕ್ಕನ್ನು ಬಿಗಿಯಾಗಿ ಬಡಿದು ನೇಯುತ್ತಾನೆ. ಕುರಿ ಕಾಯುವುದರಿಂದ ನೇಯುವವರೆಗೆ ಇಡೀ ಮನೆಯ ದುಡಿಮೆ ಇದರಲ್ಲಿ ಸೇರಿರುತ್ತದೆ.

ಕುರಿಗಾಹಿಗೆ ಕಂಬಳಿಯೇ ಹಾಸಿಗೆ, ಹೊದಿಕೆ. ಮಳೆ ಬಂದರೆ ಅದೇ ಕೊಪ್ಪೆ. ದೇವರ ಕಾರ್ಯಗಳಲ್ಲಿ ಕಂಬಳಿ ಹಾಸಿ ಗದ್ದುಗೆ ಹಾಕುವ ಪದ್ಧತಿ ಇದೆ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲೂ ತುಂಗಭದ್ರೆಯ ಆಚೆಯ ಮೈಲಾರದಲ್ಲೂ ಸೇವೆ ಮಾಡುವ ಗೊರವರ ಉಡುಪು ಕರಿಕಂಬಳಿಯದು. ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿಸಿಕೊಂಡ ಕನಕದಾಸರನ್ನು ಹೆಗಲ ಮೇಲೆ ಕಂಬಳಿಯೊಂದಿಗೇ ಚಿತ್ರಿಸಲಾಗುತ್ತದೆ.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟರಲ್ಲಿ ಕಸುಬಿನ ಬುಡವೇ ಸಡಿಲವಾಗಿತ್ತು. ಗಿರಣಿಯ ಅಗ್ಗದ ಹೊದಿಕೆಗಳು ಸಂತೆಗೆ ಬಂದವು, ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಸಾಕಾಯಿತು. ಮಾಂಸದ ಬೆಲೆ ಏರಿದಂತೆ, ಹೆಚ್ಚು ತೂಗುವ ಆದರೆ ಉಣ್ಣೆ ಕಡಿಮೆ ಇರುವ ಎಳಗದಂಥ ಕುರಿಗಳು ಹಿಂಡು ಸೇರಿದವು. ಕತ್ತರಿಸಿದ ಉಣ್ಣೆಗೆ ಕೊಳ್ಳುವವರು ಸಿಗದಂತಾದರು.

ಕಂಬಳಿಯನ್ನು ಉಳಿಸಲು ಮಗ್ಗಕ್ಕೆ ನೆರವು ಕೊಟ್ಟರಷ್ಟೇ ಸಾಲದು. ಕರಿ ಉಣ್ಣೆಯ ಕುರಿ ಉಳಿಯಬೇಕು, ಉಣ್ಣೆಗೆ ಬೆಲೆ ಸಿಗಬೇಕು, ನೂಲುವ ಹೆಂಗಸರಿಗೆ ತಕ್ಕ ಕೂಲಿ ದಕ್ಕಬೇಕು. ಈ ಮೂರೂ ಕೂಡಿದರೆ ಮಾತ್ರ ಹಾವೇರಿ ಸೀಮೆಯಲ್ಲಿ ಕಂಬಳಿ ಮಗ್ಗ ನಡೆದೀತು.