ವಾರದ ನಡುವೆ ಬಂದ ಕಾಂಗರೂಗಳು

ಇಂಗ್ಲೆಂಡಿನ ಮರ್ಸಿ ನದಿಯ ದಂಡೆಯಲ್ಲಿ ವಿಡ್ನೆಸ್ ಎಂಬ ಊರಿದೆ. ಸೋಡಾ, ಆಮ್ಲ ತಯಾರಿಸುವ ಕಾರ್ಖಾನೆಗಳಿಗೂ ಅವುಗಳ ಘಾಟಿಗೂ ಹೆಸರಾದ ಊರು. ನೋಡಲೆಂದು ಯಾರೂ ಅಲ್ಲಿಗೆ ಹೋಗುವುದಿಲ್ಲ. 1978ರ ಅಕ್ಟೋಬರ್ ತಿಂಗಳಲ್ಲಿ, ವಾರದ ನಡುವಿನ ಒಂದು ರಾತ್ರಿ, ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಲೀಗ್ ತಂಡ ಆ ಊರಿಗೆ ಬಂತು. ಊರಿನ ಕ್ಲಬ್ಬಿನೆದುರು ಆಡಿತು. 11-10ರಲ್ಲಿ ಸೋತುಹೋಯಿತು.

ನಮ್ಮ ಲೆಕ್ಕಕ್ಕೆ ತಂದು ನೋಡಿದರೆ, ಆಸ್ಟ್ರೇಲಿಯಾದ ಕ್ರಿಕೆಟ್ ತಂಡ ಬುಧವಾರ ದಾವಣಗೆರೆಗೆ ಬಂದು ಅಲ್ಲಿನ ಹುಡುಗರ ಕೈಯಲ್ಲಿ ಸೋತ ಹಾಗೆ. ಗಿರಣಿಯಲ್ಲಿ ಪಾಳಿ ಮುಗಿಸಿದವರು ಊಟದ ಡಬ್ಬಿ ಹಿಡಿದುಕೊಂಡೇ ಮೈದಾನಕ್ಕೆ ಬಂದು ಅದನ್ನು ಕಂಡ ಹಾಗೆ. ಅದಾದ ಮೇಲೆ ಬ್ರಿಟನ್ನಿನ ಯಾವ ಕ್ಲಬ್ಬೂ ಪ್ರವಾಸಿ ಕಾಂಗರೂಗಳನ್ನು ಸೋಲಿಸಲಿಲ್ಲ. ಆಸ್ಟ್ರೇಲಿಯಾ ತಂಡದ ಅಡ್ಡಹೆಸರೇ ಕಾಂಗರೂ. ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಲೀಗಿನ ಹಳೆಯ ದಿನಗಳನ್ನು ನೆನೆದು ನಿಟ್ಟುಸಿರು ಬಿಡುವವರು ಬಹಳ ಮಂದಿ ಇದ್ದಾರೆ. ಅವರು ನೆನೆಯುವುದು ಗೆಲುವುಗಳನ್ನು ಎಂದು ಹೊರಗಿನವರಿಗೆ ಅನ್ನಿಸಬಹುದು. ನನಗೆ ತೋರುವ ಮಟ್ಟಿಗೆ ಅವರು ನೆನೆಯುವುದು ಇದನ್ನೇ: ಜಗತ್ತಿನ ಅತ್ಯುತ್ತಮ ತಂಡ ತಮ್ಮ ಊರಿಗೂ ಬರುತ್ತಿತ್ತು ಎಂಬುದನ್ನು.

ಇದು ಯಾವ ರಗ್ಬಿ ಎಂದು ಮೊದಲು ಹೇಳಿಬಿಡಬೇಕು. ರಗ್ಬಿಯಲ್ಲಿ ಎರಡು ಮನೆತನಗಳಿವೆ, ಯೂನಿಯನ್ ಮತ್ತು ಲೀಗ್. ದಾಯಾದಿ ಜಗಳಕ್ಕೆ ಕಾರಣವಾದದ್ದು ಕೂಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯಾರ್ಕ್‌ಶೈರ್, ಲ್ಯಾಂಕಾಶೈರ್‌ಗಳ ಗಿರಣಿ ಮತ್ತು ಗಣಿ ಕಾರ್ಮಿಕರು ಈ ಆಟವನ್ನು ತಮ್ಮದಾಗಿಸಿಕೊಂಡಿದ್ದರು. ಶನಿವಾರವೂ ಕೆಲಸವಿದ್ದ ಕಾಲ. ಆಡಲು ಹೋದರೆ ಆ ಹೊತ್ತಿನ ಕೂಲಿ ಖೋತಾ. ಆ ನಷ್ಟವನ್ನಾದರೂ ತುಂಬಿಕೊಡೋಣ ಎಂದರು ಉತ್ತರದ ಕ್ಲಬ್ಬುಗಳು. ಆಟಕ್ಕೆ ಕಾಸು ಮುಟ್ಟಿದರೆ ಮೈಲಿಗೆ ಎಂದರು ಲಂಡನ್ನಿನ ದೊಡ್ಡವರು. ಕೂಲಿ ಬಿಟ್ಟು ಆಡುವ ಕಷ್ಟ ಅವರಿಗೆಂದೂ ಬಂದಿರಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಬೇರೆ ಒಲೆ ಹೂಡಿದವು. ಲೀಗ್ ಆಡಿದವನಿಗೆ ಯೂನಿಯನ್ನಿನ ಬಾಗಿಲು ಜೀವನಪರ್ಯಂತ ಬಂದ್ ಎಂಬ ಬಹಿಷ್ಕಾರ ನೂರು ವರ್ಷ ನಡೆಯಿತು.

1906ರಲ್ಲಿ ಆಟದ ರೂಪವೂ ಬದಲಾಯಿತು. ಹದಿನೈದರ ಬದಲು ಹದಿಮೂರು ಜನ. ಚೆಂಡು ಹಿಡಿದವನನ್ನು ಕೆಡವಿದರೆ ಗುಂಪುಗುದ್ದಾಟವಿಲ್ಲ; ಅವನು ಎದ್ದು ಕಾಲಿನಿಂದ ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ, ಆಟ ಮುಂದುವರಿಯುತ್ತದೆ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದರೆ ಅದು ‘ಟ್ರೈ’. ಒಬ್ಬನನ್ನು ಮೂವರು ನಾಲ್ವರು ತಬ್ಬಿ ಕೆಡವುವುದನ್ನು ನೋಡಿದರೆ ನಮಗೆ ಕಬಡ್ಡಿ ನೆನಪಾಗದೆ ಇರದು. ಮುಂಬಯಿಯ ಗಿರಣಗಾಂವಿನಲ್ಲಿ ಗಿರಣಿಗೊಂದು ಕಬಡ್ಡಿ ತಂಡವಿದ್ದುದನ್ನು ಕಂಡವರಿಗೆ ಈ ಆಟದ ಒಳಗುಟ್ಟನ್ನು ಹೆಚ್ಚು ವಿವರಿಸಬೇಕಿಲ್ಲ.

ಈ ಆಟಕ್ಕೆ ಹೊರದೇಶದ ನಂಟು ಬೆಳೆಸಿದವನು ನ್ಯೂಜಿಲೆಂಡಿನ ಒಬ್ಬ ಅಂಚೆ ಗುಮಾಸ್ತ, ಆಲ್ಬರ್ಟ್ ಬಾಸ್ಕರ್‌ವಿಲ್. 1907ರಲ್ಲಿ ಅವನು ಒಂದು ತಂಡ ಕಟ್ಟಿಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಹಿಂತಿರುಗುವ ದಾರಿಯಲ್ಲಿ, 1908ರಲ್ಲಿ, ಬ್ರಿಸ್ಬೇನಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು ಇಪ್ಪತ್ತೈದು. ಅದೇ ವರ್ಷ ಆಸ್ಟ್ರೇಲಿಯಾದವರು ಮೊದಲ ಕಾಂಗರೂ ಪ್ರವಾಸಕ್ಕೆ ಹೊರಟರು. 1910ರಲ್ಲಿ ಬ್ರಿಟಿಷರು ಆಸ್ಟ್ರೇಲಿಯಾಕ್ಕೆ ಹೋದರು. ಸರಣಿಗೆ ಕ್ರಿಕೆಟ್‌ನಿಂದ ‘ಆ್ಯಷಸ್’ ಎಂಬ ಹೆಸರನ್ನು ಎರವಲು ತಂದರು. ಮುಂದೆ ಎಂಬತ್ತು ಚಿಲ್ಲರೆ ವರ್ಷ, ಎರಡು ಮಹಾಯುದ್ಧಗಳ ಬಿಡುವು ಬಿಟ್ಟರೆ, ಈ ಹೋಗಿಬರುವಿಕೆ ನಿಲ್ಲಲಿಲ್ಲ.

ಆ ಕಾಲದ ಪುರಾಣಗಳಲ್ಲಿ ಮೊದಲನೆಯದು 1914ರ ಸಿಡ್ನಿ ಪಂದ್ಯ. ಜೂನ್ 27ರಂದು ಮೊದಲ ಟೆಸ್ಟ್, 29ರಂದು ಎರಡನೆಯದು, ಜುಲೈ 4ರಂದು ಮೂರನೆಯದು. ಎಂಟು ದಿನದೊಳಗೆ ಮೂರು! ಇಷ್ಟು ಬೇಗ ಬೇಡ ಎಂದು ಪ್ರವಾಸಿಗಳು ಪ್ರತಿಭಟಿಸಿದರು. ಇಂಗ್ಲೆಂಡಿನಿಂದ ಬಂದ ತಂತಿ ಅವರಿಗೆ ನೆಲ್ಸನ್ನನನ್ನು ನೆನಪಿಸಿ, ಕರ್ತವ್ಯ ಮಾಡಿ ಎಂದಿತು. ತಂತಿ ಕಳಿಸುವುದು ಸುಲಭ. ಬದಲಿ ಆಟಗಾರರೆಂಬ ಏರ್ಪಾಡು ಆಗ ಇರಲಿಲ್ಲ. ಗಾಯಗೊಂಡವರು ಒಬ್ಬೊಬ್ಬರಾಗಿ ಹೊರನಡೆದು ಹೆರಾಲ್ಡ್ ವ್ಯಾಗ್‌ಸ್ಟಾಫ್‌ನ ತಂಡದಲ್ಲಿ ಒಂದು ಹಂತದಲ್ಲಿ ಉಳಿದವರು ಹತ್ತೇ ಜನ. ಆದರೂ 14-6ರಲ್ಲಿ ಗೆದ್ದರು. ಒಂದು ತಿಂಗಳೊಳಗೆ ಯುರೋಪಿನಲ್ಲಿ ಯುದ್ಧ ಶುರುವಾಯಿತು.

1946ರ ಪ್ರವಾಸದ್ದು ಬೇರೆಯೇ ಕಥೆ. ಎರಡನೆಯ ಯುದ್ಧ ಮುಗಿದು ವರ್ಷವೂ ತುಂಬಿರಲಿಲ್ಲ, ಪ್ರಯಾಣಿಕರ ಹಡಗು ಸಿಗುತ್ತಿರಲಿಲ್ಲ. ಇಪ್ಪತ್ತಾರು ಆಟಗಾರರು ‘ಇಂಡಾಮಿಟಬಲ್’ ಎಂಬ ವಿಮಾನವಾಹಕ ಯುದ್ಧನೌಕೆ ಹತ್ತಿ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ಇಳಿದರು. ಅಲ್ಲಿಂದ ಇಡೀ ಖಂಡವನ್ನು ರೈಲಿನಲ್ಲಿ ದಾಟಿ ಸಿಡ್ನಿ ಸೇರಿದರು. ನಾಯಕ ಗಸ್ ರಿಸ್ಮನ್ ಕಾರ್ಡಿಫ್‌ನ ಬಂದರುಕೇರಿಯಲ್ಲಿ ಬೆಳೆದವನು, ಲ್ಯಾಟ್ವಿಯಾದಿಂದ ಬಂದ ವಲಸಿಗರ ಮಗ. ಮೊದಲ ಟೆಸ್ಟ್ 8-8ರ ಸಮ, ಉಳಿದೆರಡೂ ಬ್ರಿಟನ್ನಿಗೆ. ಆಸ್ಟ್ರೇಲಿಯಾದಲ್ಲಿ ಆ್ಯಷಸ್ ಸರಣಿಯ ಒಂದು ಟೆಸ್ಟನ್ನೂ ಸೋಲದೆ ಬಂದ ತಂಡ ಎಂದು ಇವತ್ತಿಗೂ ಅವರನ್ನು ಹಡಗಿನ ಹೆಸರಿನಿಂದಲೇ ಕರೆಯುತ್ತಾರೆ.

ಆ ಹಡಗಿನಲ್ಲಿ ಇರಬೇಕಾಗಿದ್ದ ಒಬ್ಬ ಇರಲಿಲ್ಲ. ವೇಲ್ಸಿನ ರಾಯ್ ಫ್ರಾನ್ಸಿಸ್, ಆ ಕಾಲದ ಚುರುಕಾದ ಓಟಗಾರ, ಕಪ್ಪು ಮನುಷ್ಯ. ಆಸ್ಟ್ರೇಲಿಯಾದ ವರ್ಣನೀತಿಗೆ ಹೆದರಿಯೇ ಆಯ್ಕೆದಾರರು ಅವನನ್ನು ಬಿಟ್ಟರೆಂಬುದು ಈಗ ಸಾಮಾನ್ಯವಾಗಿ ಒಪ್ಪಿಕೊಂಡ ಮಾತು. ಮರುವರ್ಷ ತವರಿನಲ್ಲಿ ಬ್ರಿಟನ್ನಿಗೆ ಆಡಿದ; ಆಮೇಲೆ ಹಲ್ ಕ್ಲಬ್ಬಿನ ತರಬೇತುದಾರನಾಗಿ ಹೆಸರು ಮಾಡಿದ. ಬಿಲ್ಲಿ ಬೋಸ್ಟನ್‌ನ ಕಥೆಯೂ ಹೀಗೆಯೇ ತಿರುವುಮುರುವು. ಅವನೂ ಕಾರ್ಡಿಫ್‌ನ ಬಂದರುಕೇರಿಯವನು. 1954ರ ಪ್ರವಾಸದಲ್ಲಿ ಇನ್ನೂ ಹತ್ತೊಂಬತ್ತರ ಹುಡುಗ, 36 ಟ್ರೈ ಹೊಡೆದು ದಾಖಲೆ ಬರೆದ. ಮೂರು ವರ್ಷದ ಮೇಲೆ ಆಸ್ಟ್ರೇಲಿಯಾದಲ್ಲಿ ವಿಶ್ವಕಪ್ ಆಡಿ ಮರಳುವಾಗ ತಂಡ ದಕ್ಷಿಣ ಆಫ್ರಿಕದಲ್ಲಿ ಪ್ರದರ್ಶನ ಪಂದ್ಯಗಳಿಗೆ ಇಳಿಯಿತು. ಬೋಸ್ಟನ್ ಬೇರೆ ದಾರಿಯಲ್ಲಿ ಒಬ್ಬನೇ ಮನೆಗೆ ಬಂದ. ಜೊತೆಗಾರರು ಹೋಗಿ ಆಡಿದರು. ಹಳೆಯ ಕಾಲವನ್ನು ಹೊಗಳುವವರು ಆ ಪ್ರಯಾಣವನ್ನೂ ನೆನಪಿಟ್ಟುಕೊಳ್ಳಬೇಕು. 2025ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅವರಿಗೆ ‘ಸರ್’ ಪದವಿ ಬಂತು. 130 ವರ್ಷದ ರಗ್ಬಿ ಲೀಗಿನಲ್ಲಿ ಒಬ್ಬ ಆಟಗಾರನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಯೂನಿಯನ್ನಿನವರಿಗೆ ಎಷ್ಟು ಸಿಕ್ಕಿವೆ ಎಂದು ಎಣಿಸುತ್ತ ಕೂರುವುದು ಉತ್ತರದವರ ಹಳೆಯ ಹವ್ಯಾಸ.

1958ರ ಬ್ರಿಸ್ಬೇನ್ ಟೆಸ್ಟ್ ಗೊತ್ತಿಲ್ಲದ ಲೀಗ್ ಅಭಿಮಾನಿ ಇಲ್ಲ. ಆಟ ಶುರುವಾದ ಕೆಲವೇ ನಿಮಿಷಕ್ಕೆ ನಾಯಕ ಆಲನ್ ಪ್ರೆಸ್ಕಾಟ್‌ನ ಬಲಗೈ ಮುರಿಯಿತು. ಜೊತೆಯವನೊಬ್ಬ ಕೊರಳೆಲುಬು ಮುರಿದುಕೊಂಡು ಹೊರಗೆ ಹೋಗಿದ್ದ, ಇನ್ನೂ ಮೂವರು ಕುಂಟುತ್ತ ನರಳುತ್ತ ಇದ್ದರು. ಪ್ರೆಸ್ಕಾಟ್ ಜೋತಾಡುವ ಕೈಯಿಟ್ಟುಕೊಂಡು ಎಂಬತ್ತು ನಿಮಿಷ ಆಡಿದ, 25-18ರಲ್ಲಿ ಗೆದ್ದರು. ಇದನ್ನು ಹೇಳುವವರ ಕಣ್ಣು ಹೊಳೆಯುತ್ತದೆ. ನನಗೆ ಮಾತ್ರ ಓದುವಾಗ ಸ್ವಲ್ಪ ಮೈ ಜುಮ್ಮೆನ್ನುತ್ತದೆ. ಇವತ್ತು ಅಂಥದ್ದನ್ನು ಯಾವ ವೈದ್ಯನೂ ಬಿಡಲಾರ, ಬಿಡಲೂಬಾರದು. ಹಂಬಲಿಸುವ ಕಾಲದಿಂದ ಮುರಿದ ಮೂಳೆಗಳನ್ನು ಆರಿಸಿ ತೆಗೆದು ಬರೀ ಶೌರ್ಯವನ್ನು ಇಟ್ಟುಕೊಳ್ಳಲು ಬರುವುದಿಲ್ಲ.

ಮತ್ತೆ, ಎಲ್ಲರೂ ಮುಗಿಬಿದ್ದು ನೋಡುತ್ತಿದ್ದರು ಎಂಬುದೂ ಪೂರ್ತಿ ನಿಜವಲ್ಲ. 1972ರ ವಿಶ್ವಕಪ್ ಫೈನಲ್ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆಯಿತು. ಬ್ರಿಟನ್ನಿನ ನಾಯಕ ಕ್ಲೈವ್ ಸಲಿವನ್, ಬ್ರಿಟನ್ನಿನ ಯಾವುದೇ ರಾಷ್ಟ್ರೀಯ ಕ್ರೀಡಾ ತಂಡವನ್ನು ಮುನ್ನಡೆಸಿದ ಮೊದಲ ಕಪ್ಪು ಆಟಗಾರ, ಮೈದಾನದ ಮುಕ್ಕಾಲು ಉದ್ದ ಓಡಿ ಟ್ರೈ ಹೊಡೆದ. ಪಂದ್ಯ 10-10ರಲ್ಲಿ ನಿಂತು, ಲೀಗ್ ಹಂತದ ಸಾಧನೆಯಿಂದ ಕಪ್ ಬ್ರಿಟನ್ನಿಗೆ ಬಂತು. ನೋಡಿದವರು ಐದು ಸಾವಿರವೂ ಇರಲಿಲ್ಲ. ಅಲ್ಲಿಂದಾಚೆಗೆ ಬ್ರಿಟನ್ನಾಗಲಿ ಇಂಗ್ಲೆಂಡಾಗಲಿ ಆ ಕಪ್ ಗೆದ್ದಿಲ್ಲ. ಹಲ್ ನಗರವನ್ನು ಪ್ರವೇಶಿಸುವ ಹೆದ್ದಾರಿಗೆ ಸಲಿವನ್ನನ ಹೆಸರಿದೆ, ಅಷ್ಟೆ.

ನಿಜವಾದ ಜನಜಂಗುಳಿ ಸೇರಿದ್ದು ಬ್ರಿಟನ್ ಸೋಲತೊಡಗಿದ ಮೇಲೆ! 1982ರ ಕಾಂಗರೂಗಳು ಬ್ರಿಟನ್, ಫ್ರಾನ್ಸುಗಳಲ್ಲಿ ಆಡಿದ 22 ಪಂದ್ಯಗಳನ್ನೂ ಗೆದ್ದರು. ಹಲ್‌ನ ಮೊದಲ ಟೆಸ್ಟಿನಲ್ಲಿ 40-4. ವಾಲಿ ಲೂಯಿಸ್, ಮಾಲ್ ಮೆನಿಂಗ, ಪೀಟರ್ ಸ್ಟರ್ಲಿಂಗ್ ಆಡಿದ್ದನ್ನು ಕಂಡು, ನಾವು ಆಡುತ್ತಿದ್ದುದು ಈ ಆಟವೇ ಹೌದೇ ಎಂದು ಊರವರು ಬೆರಗಾದರು. ಆ ಪ್ರವಾಸದಲ್ಲಿ ಅವರು ಬ್ಯಾರೋ, ಲೀ, ವಿಡ್ನೆಸ್, ಬ್ರಾಡ್‌ಫರ್ಡ್‌ಗಳಿಗೆಲ್ಲ ಹೋಗಿದ್ದರು ಎಂಬುದನ್ನು ಗಮನಿಸಿ. ಮುಂದಿನ ಸಲ, 1986ರಲ್ಲಿ, ಓಲ್ಡ್ ಟ್ರಾಫರ್ಡ್ ಟೆಸ್ಟಿಗೆ 50,583 ಜನ. 1990ರಲ್ಲಿ ವೆಂಬ್ಲಿಗೆ 54,569. ಆ ದಿನ ಎಲ್ಲರಿ ಹಾನ್ಲಿಯ ಬ್ರಿಟನ್ 19-12ರಲ್ಲಿ ಗೆದ್ದೇಬಿಟ್ಟಿತು.

ಎರಡನೆಯ ಟೆಸ್ಟ್ ಓಲ್ಡ್ ಟ್ರಾಫರ್ಡಿನಲ್ಲಿ. ರಿಕಿ ಸ್ಟುವರ್ಟ್ ಎಸೆದ ಪಾಸನ್ನು ಪಾಲ್ ಲಾಕ್ಲಿನ್ ಗಬಕ್ಕನೆ ಹಿಡಿದು ಓಡಿ 10-10 ಮಾಡಿದ. ಸಮಯ ಮುಗಿದುಹೋಗಿದೆ, ಸಮವಾದರೂ ಸರಣಿ ಕೈಬಿಡದು. ಆಗ ಅದೇ ಸ್ಟುವರ್ಟ್ ತನ್ನ ಗೆರೆಯ ಹತ್ತಿರದಿಂದ ಒಬ್ಬನನ್ನು ಏಮಾರಿಸಿ ಓಡತೊಡಗಿದ, ಓಡಿಯೇ ಓಡಿದ, ಪಕ್ಕಕ್ಕೆ ಬಂದ ಮೆನಿಂಗನ ಕೈಗೆ ಚೆಂಡಿತ್ತ. 14-10. ಮೂರನೆಯ ಟೆಸ್ಟನ್ನೂ ಆಸ್ಟ್ರೇಲಿಯಾ ಗೆದ್ದಿತು. ಆ್ಯಷಸ್ ಬ್ರಿಟನ್ನಿಗೆ ಕೊನೆಯದಾಗಿ ಬಂದದ್ದು 1970ರಲ್ಲಿ. ಆ ಮಧ್ಯಾಹ್ನ ಅದು ಕೈಗೆ ತಾಗಿ ಜಾರಿತು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದು ನಿಂತದ್ದು ಹೇಗೆ? ಎಲ್ಲರೂ ರೂಪರ್ಟ್ ಮರ್ಡೋಕ್‌ನತ್ತ ಬೆರಳು ತೋರಿಸುತ್ತಾರೆ. 1995ರಲ್ಲಿ ಅವನ ಕಂಪನಿ ಆಸ್ಟ್ರೇಲಿಯಾದ ಟಿವಿ ಹಕ್ಕಿಗಾಗಿ ಅಲ್ಲಿನ ಲೀಗನ್ನು ಎರಡಾಗಿ ಒಡೆಯಿತು. ಇಂಗ್ಲೆಂಡಿನ ಕ್ಲಬ್ಬುಗಳಿಗೆ ಐದು ವರ್ಷಕ್ಕೆ 87 ಮಿಲಿಯನ್ ಪೌಂಡ್ ಕೊಟ್ಟಿತು. ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್, ಫೆದರ್‌ಸ್ಟನ್ ಕ್ಲಬ್ಬುಗಳನ್ನು ಕೂಡಿಸಿ ಒಂದು ಮಾಡುವ ಯೋಜನೆಯೂ ಬಂತು. ಆ ಗಣಿ ಊರುಗಳ ಜನ ಬೀದಿಗಿಳಿದ ಮೇಲೆ ಅದು ಬಿದ್ದುಹೋಯಿತು. 1996ರ ಬ್ರಿಟಿಷ್ ಪ್ರವಾಸ ಆಸ್ಟ್ರೇಲಿಯಾಕ್ಕೆ ಹೋಗಲೇ ಇಲ್ಲ. ನ್ಯೂಜಿಲೆಂಡಿನಲ್ಲಿದ್ದಾಗ ಖರ್ಚು ಉಳಿಸಲೆಂದು ಹಲವು ಆಟಗಾರರನ್ನು ಮುಂಚೆಯೇ ಮನೆಗೆ ಕಳಿಸಿದರು. ಅವಮಾನವೆಂದರೆ ಅದು.

ಆದರೆ ಪೆಟ್ಟು ಬಿದ್ದದ್ದು ಹಣದಿಂದಲ್ಲ, ಪಂಚಾಂಗದಿಂದ. ಮೊದಲು ಇಂಗ್ಲೆಂಡಿನವರು ತಮ್ಮ ಚಳಿಗಾಲದಲ್ಲಿ ಆಡುತ್ತಿದ್ದರು, ಆಸ್ಟ್ರೇಲಿಯಾದವರು ತಮ್ಮ ಚಳಿಗಾಲದಲ್ಲಿ. ಅಕ್ಟೋಬರಿನಲ್ಲಿ ಸಿಡ್ನಿಯಲ್ಲಿ ಆಟ ಮುಗಿದಾಗ ವಿಡ್ನೆಸ್‌ನಲ್ಲಿ ಹುರುಪೇರಿರುತ್ತಿತ್ತು. ಬಂದ ಅತಿಥಿಗಳೆದುರು ಕಣಕ್ಕಿಳಿಯಲು ಊರಿನ ತಂಡ ಸಜ್ಜಾಗಿಯೇ ಇರುತ್ತಿತ್ತು. ಜೂನ್‌ನಲ್ಲಿ ಬ್ರಿಟಿಷರು ಆ ಕಡೆ ಹೋದರೂ ಹಾಗೆಯೇ. 1996ರಿಂದ ಟಿವಿಯ ಅನುಕೂಲಕ್ಕೆ ಇಂಗ್ಲೆಂಡಿನ ಆಟ ಬೇಸಿಗೆಗೆ ಬಂತು. ಈಗ ಇಬ್ಬರದೂ ಒಂದೇ ತಿಂಗಳುಗಳು. ಕಾಂಗರೂಗಳು ಬರುವ ಹೊತ್ತಿಗೆ ಊರಿನ ಕ್ಲಬ್ ಬೀಗ ಹಾಕಿರುತ್ತದೆ. 2001ರ ಪ್ರವಾಸ ಮೂರು ಟೆಸ್ಟಿಗೆ ಇಳಿಯಿತು, 2003ರಲ್ಲಿ ಇನ್ನೊಂದು ಸರಣಿ, ಆಮೇಲೆ ಇಪ್ಪತ್ತೆರಡು ವರ್ಷ ಏನೂ ಇಲ್ಲ. 2025ರ ಶರತ್ಕಾಲದಲ್ಲಿ ಆ್ಯಷಸ್ ಮರಳಿತು: ವೆಂಬ್ಲಿ, ಲಿವರ್‌ಪೂಲ್, ಲೀಡ್ಸ್. ಮೂರನ್ನೂ ಆಸ್ಟ್ರೇಲಿಯಾ ಗೆದ್ದಿತು. ವಾರದ ನಡುವೆ ಒಂದು ಊರಿಗೂ ಹೋಗಲಿಲ್ಲ.

ಹಾಗೆಂದು ಅಂತರರಾಷ್ಟ್ರೀಯ ಆಟ ಸತ್ತಿತೆನ್ನುವುದು ಇಂಗ್ಲೆಂಡಿನಲ್ಲಿ ನಿಂತು ನೋಡಿದವರ ಮಾತು. ಆಕ್ಲೆಂಡ್, ಸಿಡ್ನಿಗಳಿಗೆ ದುಡಿಯಲು ಹೋದ ಟೋಂಗಾ, ಸಮೋವಾದವರ ಮಕ್ಕಳು ಅಲ್ಲೇ ಆಟ ಕಲಿತು, ಆಡುವಾಗ ಅಪ್ಪ ಅಮ್ಮನ ದೇಶದ ಅಂಗಿ ತೊಡತೊಡಗಿದ್ದಾರೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದರ ತೂಕ ಗೊತ್ತು. 2017ರಲ್ಲಿ ಜೇಸನ್ ತೌಮಲೋಲೊ ನ್ಯೂಜಿಲೆಂಡ್ ಬಿಟ್ಟು ಟೋಂಗಾ ಸೇರಿದ. ಆ ವಿಶ್ವಕಪ್ಪಿನಲ್ಲಿ ಟೋಂಗಾ ನ್ಯೂಜಿಲೆಂಡನ್ನೇ 28-22ರಲ್ಲಿ ಸೋಲಿಸಿತು. 2019ರಲ್ಲಿ ಆಸ್ಟ್ರೇಲಿಯಾವನ್ನು 16-12ರಲ್ಲಿ. 2022ರ ಸೆಮಿಫೈನಲಿನಲ್ಲಿ ಸಮೋವಾ, ಲಂಡನ್ನಿನಲ್ಲೇ, ಇಂಗ್ಲೆಂಡನ್ನು 27-26ರಲ್ಲಿ ಮನೆಗೆ ಕಳಿಸಿತು.

ಪಪುವಾ ನ್ಯೂಗಿನಿಯಲ್ಲಂತೂ ಇದು ರಾಷ್ಟ್ರೀಯ ಆಟ. 1990ರಲ್ಲಿ ಬ್ರಿಟಿಷ್ ಪ್ರವಾಸಿಗಳು ಅಲ್ಲಿನ ಗುಡ್ಡಗಾಡಿನ ಗೊರೋಕ ಪಟ್ಟಣಕ್ಕೆ ಹೋದಾಗ ಮನೆಯವರೇ 20-18ರಲ್ಲಿ ಗೆದ್ದಿದ್ದರು. 2028ರಿಂದ ಆ ದೇಶದ್ದೇ ಒಂದು ತಂಡ ಪೋರ್ಟ್ ಮೋರ್ಸ್‌ಬಿಯನ್ನು ನೆಲೆ ಮಾಡಿಕೊಂಡು ಆಸ್ಟ್ರೇಲಿಯಾದ ಲೀಗಿನಲ್ಲಿ ಆಡಲಿದೆ. ಸಿಡ್ನಿ, ಬ್ರಿಸ್ಬೇನ್‌ಗಳ ದೊಡ್ಡ ದೊಡ್ಡ ಆಟಗಾರರು ಇನ್ನು ಅಲ್ಲಿಗೆ ಬರಬೇಕು, ಅದೂ ಪ್ರತಿ ವರ್ಷ.